ಕನ್ನಡದಲ್ಲಿ ಕೊಟ್ಟ ಗ್ಯಾರಂಟಿ

ನನ್ನ ಮೊಂಡ ತಮ್ಮ ವಸಂತನಿಗೆ,

ಫೋನ್ ಮಾಡಿದರೆ ನೀನು ವಾದ ಮಾಡುತ್ತೀಯ, ವಾದ ಮಾಡಿದರೆ ಗೆಲ್ಲುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ನಡುವೆ ಬಾಯಿ ಹಾಕಲು ನಿನಗಾಗುವುದಿಲ್ಲ. ಪೂರ್ತಿ ಓದು.

"ಅಕ್ಕಾ, ಸೂಜಿ ಪರೀಕ್ಷೆ ಬ್ಯಾಡಂತ ಮಾಡೀನಿ" ಎಂದು ನೀನು ಫೋನಿಟ್ಟಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಗಂಟಿರುವುದು ನಿನ್ನ ಕುತ್ತಿಗೆಯಲ್ಲಿ; ಆಫೀಸಿನಲ್ಲಿ ಕೂತಲ್ಲೇ ನನ್ನ ಕೈ ನನ್ನ ಕುತ್ತಿಗೆಗೆ ಹೋಗುತ್ತದೆ. ಮೊನ್ನೆ ಪಟ್ಟಂ ಸ್ಟಾಪಿನಲ್ಲಿ ಇಳಿಯಬೇಕಾದವಳು ಬಸ್ಸಿನಲ್ಲಿ ಹಾಗೇ ಮುಂದೆ ಹೋಗಿಬಿಟ್ಟೆ.

ಹಟ ಮಾಡಿ ನಿನ್ನನ್ನು ಇಲ್ಲಿಗೆ ಕರೆಸಿ ತೋರಿಸಿದೆನಲ್ಲ, ಆವತ್ತು ಡಾಕ್ಟರಮ್ಮ ಹೇಳಿದ್ದನ್ನು ನೆನಪು ಮಾಡಿಕೋ. ಅರ್ಧ ಮಲಯಾಳಂ, ಅರ್ಧ ಇಂಗ್ಲಿಷು. ನಿನ್ನ ಮುಖ ನೋಡದೆ ಸ್ಕ್ಯಾನ್ ನೋಡುತ್ತಲೇ ಮಾತಾಡಿದರು. ಏನೆಂದು ಈಗಲೇ ಹೇಳಲಾರೆ, ಸೂಜಿಯಿಂದ ಸ್ವಲ್ಪ ತೆಗೆದು ನೋಡೋಣ ಎಂದರು. ತಂಪಾನೂರಿನಲ್ಲಿ ರೈಲು ಹತ್ತುವಾಗ ನೀನು "ಆಕಿಗೇ ಗೊತ್ತಿಲ್ಲಂದ್ರ ನಾ ಯಾಕ ಚುಚ್ಚಿಸ್ಕೋಬೇಕು?" ಎಂದು ಗೊಣಗಿದೆ. ಹೊಟ್ಟೆ ಹಸಿದ ಸಿಟ್ಟು ಅಂದುಕೊಂಡು ನಾನು ಕೈಗೆ ಬಾಳೆಹಣ್ಣಿನ ಬಿಸಿ ಪಳಂಪೊರಿ ಕೊಟ್ಟು ಸುಮ್ಮನಾದೆ.

ನೀನು ವಾಪಸು ಕಳಮಶ್ಶೇರಿಗೆ ಹೋದೆ, ಅಲ್ಲಿ ನಿನ್ನ ನೆರೆಮನೆಯ ಶ್ರೀಹರಿ ಮಾಮಾ. ಬ್ಯಾಂಕಿನಿಂದ ನಿವೃತ್ತರಾದವರು, ನಮ್ಮ ಹಾವೇರಿ ಕಡೆಯವರು, ರೊಟ್ಟಿ ಬಡಿಸಿಯೇ ಮಾತಿಗೆ ಕೂರುವವರು. ಅವರ ಕಾಕಾ ಗಟ್ಟಿಮುಟ್ಟಾಗಿದ್ದರಂತೆ, ಸೂಜಿ ಚುಚ್ಚಿಸಿದ ವರ್ಷದೊಳಗೇ ಹೋಗಿಬಿಟ್ಟರಂತೆ. "ಚುಚ್ಚಿಸಬ್ಯಾಡ, ಏನೂ ಆಗಂಗಿಲ್ಲೋ ತಮ್ಮಾ, ನಾ ಗ್ಯಾರಂಟಿ ಕೊಡ್ತೀನಿ" ಅಂದರಂತೆ. ನಿನಗೆ ಅಷ್ಟು ಸಾಕಾಯಿತು. ನಿಜ ಹೇಳಲಾ? ನೀನು ಅದನ್ನು ಫೋನಿನಲ್ಲಿ ಹೇಳಿದಾಗ ನನಗೂ ಹೌದೆನ್ನಿಸಿತ್ತು. ಮಾಮಾ ಕೆಟ್ಟವರಲ್ಲ. ನಾವು ಊರು ಬಿಟ್ಟವರು ನೋಡು, ನಮ್ಮ ಭಾಷೆ ಕಿವಿಗೆ ಬಿದ್ದರೆ ಸಾಕು, ಹೇಳಿದ್ದೇನು ಎಂದು ನೋಡುವ ಮೊದಲೇ ತಲೆಯಾಡಿಸಿಬಿಡುತ್ತೇವೆ.

ಅದಕ್ಕೆ ಒಂದು ಕೆಲಸ ಮಾಡಿದೆ. ಮಾಮಾನ ಮಾತನ್ನೇ ನನ್ನ ಹರಕುಮುರುಕು ಮಲಯಾಳಂನಲ್ಲಿ ಆಫೀಸಿನ ಪಕ್ಕದ ಟೇಬಲ್ಲಿನ ಅಪರ್ಣಾಗೆ ಹೇಳಿದೆ. ಊಟದ ಡಬ್ಬಿ ಮುಚ್ಚುತ್ತ ಅವಳು ಅಕ್ಕನನ್ನು ಕೇಳುವಂತೆ ಕೇಳಿದ್ದು ಇಷ್ಟೇ: ಚೇಚಿ, ಆರೋಗ್ಯವಾಗಿದ್ದವರು ಸೂಜಿ ಯಾಕೆ ಚುಚ್ಚಿಸಿಕೊಂಡರು? ಹೌದಲ್ಲ ಮಾರಾಯ! ಕಾಯಿಲೆ ಮೊದಲೇ ಇದ್ದದ್ದಕ್ಕೇ ಅಲ್ಲವೇ ಅವರು ಆಸ್ಪತ್ರೆಗೆ ಹೋದದ್ದು? ಆ ರೊಟ್ಟಿ, ಆ ಊರು, ತಮ್ಮಾ ಅನ್ನುವ ಆ ದನಿ ಎಲ್ಲ ತೆಗೆದಿಟ್ಟ ಮೇಲೆ ಆ ಗ್ಯಾರಂಟಿಯಲ್ಲಿ ಉಳಿಯುವುದೇನು, ನೀನೇ ಹೇಳು.

ಈಗ ಡಾಕ್ಟರಮ್ಮನ ಮಾತನ್ನು ನಮ್ಮ ಅವ್ವ ಆಡುತ್ತಿದ್ದ ಹಾಗೆ ಬರೆಯುತ್ತೇನೆ. ಗಟ್ಟಿಯಾಗಿ ಓದಿಕೋ. "ಏ ವಸಂತಾ, ಏನೈತೋ ನನಗೂ ಗೊತ್ತಿಲ್ಲಪಾ. ಏನೂ ಇರಲಿಕ್ಕಿಲ್ಲ, ಇದ್ರೂ ಇರಬಹುದು. ಸುಳ್ಳ ಧೈರ್ಯ ನಾ ಹೇಳಂಗಿಲ್ಲ. ನೋಡಿಬಿಡೂಣು. ಏನೂ ಇಲ್ಲಂದ್ರ ಆರಾಮ ನಿದ್ದಿ ಮಾಡೂಣು. ಇತ್ತಂದ್ರ ಸಣ್ಣದಿದ್ದಾಗ ಹಿಡಿಯೂಣು."

ಕೇಳಿಸಿತೇ? ಇದಕ್ಕೆ ಉತ್ತರವಿದ್ದರೆ ಹೇಳು, ಒಪ್ಪುತ್ತೇನೆ. ಅಕ್ಕ ಹೆದರಿದ್ದಾಳೆ ಎಂದು ಬರಬೇಡ. ನನ್ನ ಹೆದರಿಕೆ ವಾದವಲ್ಲ, ಅಷ್ಟು ನನಗೂ ಗೊತ್ತು. ಆದರೆ ಹೆದರಿಕೆಯಂತೂ ಇದೆ ಕಣೋ, ಎದೆ ತುಂಬ ಇದೆ. ಅವ್ವ ಹೋದ ಮೇಲೆ ನನ್ನ ಜೊತೆ ಜಗಳವಾಡಲು ಉಳಿದಿರುವವನು ನೀನೊಬ್ಬನೇ.

ಶುಕ್ರವಾರಕ್ಕೆ ಆಸ್ಪತ್ರೆಯಲ್ಲಿ ಮತ್ತೆ ನಿನ್ನ ಹೆಸರು ಬರೆಸಿದ್ದೇನೆ. ಬೆಳಿಗ್ಗೆ ತಂಪಾನೂರಿನಲ್ಲಿ ನಿಂತಿರುತ್ತೇನೆ. ನೀನು ಇಳಿಯದಿದ್ದರೆ ಮುಂದಿನ ಗಾಡಿ ಹತ್ತಿ ನಾನೇ ಬರುತ್ತೇನೆ.

ನೂರು ವರ್ಷ ಬಾಳಿ ನನ್ನೊಡನೆ ವಾದ ಮಾಡು, ಎಲ್ಲದರಲ್ಲೂ ಗೆಲ್ಲು. ಇದೊಂದರಲ್ಲಿ ಸೋಲು.

ಯಾವ ಗ್ಯಾರಂಟಿಯನ್ನೂ ಕೊಡಲಾರದ
ನಿನ್ನ ಅಕ್ಕ
ಸರೋಜ