ಮೂರು ಹಾಸಿಗೆ, ಒಂದು ಕ್ಯಾರಿಯರ್ ಸಾರು

ಹಾಸಿಗೆ ಹಿಡಿದ ಮಹಾಜನಗಳೇ, ಹಾಸಿಗೆಯ ಪಕ್ಕ ಸ್ಟೂಲು ಹಿಡಿದ ಬಂಧುಗಳೇ, ಇವರೆಲ್ಲರಿಗೂ ಶುಚಿತ್ವದ ಬೋರ್ಡು ತೋರಿಸುವ ಮಾನ್ಯ ಸೋಂಕು ನಿಯಂತ್ರಣಾಧಿಕಾರಿಗಳೇ,

ಶಿವಾಜಿನಗರದ ತಮ್ಮ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಅಕ್ಕಪಕ್ಕದ ಮೂವರ ಆಪರೇಷನ್ ಗಾಯ ಒಂದೇ ವಾರದಲ್ಲಿ ಕೀವಾಯಿತು. ಮೊದಲು ನಮ್ಮಣ್ಣ ದತ್ತು, ಆಮೇಲೆ ನಿವೃತ್ತ ಕಾರ್ಖಾನೆ ನೌಕರರಾದ ಸಂಜೀವಪ್ಪನವರು, ಕೊನೆಗೆ ಕೆ.ಆರ್. ಪುರದ ಬಳಿ ಸ್ಕೂಟರಿನಿಂದ ಬಿದ್ದ ಸುನಿಲ್. ತಾವು ತನಿಖೆ ನಡೆಸಿದಿರಿ, ಎರಡು ನಿಮಿಷ. “ಮನೆಯೂಟವೇ ಕಾರಣ” ಎಂದು ಬಾಗಿಲಿಗೆ ನೋಟಿಸು ಅಂಟಿಸಿದಿರಿ. ಮೂವರೂ ಉಂಡದ್ದು ನಾನು ಇಂದಿರಾನಗರದಿಂದ ಕ್ಯಾರಿಯರ್‌ನಲ್ಲಿ ತರುತ್ತಿದ್ದ, ನನ್ನ ಹೆಂಡತಿ ರಮಾಮಣಿ ಮಾಡಿದ ಸಾರನ್ನವನ್ನು. ಸಾರಿಗೆ ಕಾಲಿಲ್ಲ, ಬ್ಯಾಂಡೇಜಿಗೆ ಬಾಯಿಲ್ಲ. ಹೊಟ್ಟೆಗೆ ಹೋದದ್ದು ಮಂಡಿಯ ಗಾಯಕ್ಕೆ ಇಳಿದದ್ದು ಹೇಗೆ ಸ್ವಾಮಿ? ನೋಟಿಸು ಓದಿದಂದಿನಿಂದ ನಮ್ಮ ಮನೆಯಲ್ಲಿ ಸಾರೂ ಇಲ್ಲ, ಸರಸವೂ ಇಲ್ಲ.

ಲ್ಯಾಬಿನ ವರದಿ ಮೂವರಿಗೂ ಒಂದೇ ರೋಗಾಣುವಿನ ಹೆಸರು ಬರೆದಿದೆ: ಸ್ಟ್ಯಾಫಿಲೋಕಾಕಸ್. ಕೇಸು ಮುಗಿಯಿತು ಎಂದಿರಿ. ನಾನು ಕನ್ನಡ ಮಾಧ್ಯಮದ ಬಿ.ಎ.; ನನಗೂ ಹಾಗೇ ಅನ್ನಿಸಿತ್ತು. ಲ್ಯಾಬಿನ ಬುಷ್ರಾ ಮೇಡಂ ನಕ್ಕುಬಿಟ್ಟರು.

“ಕಮ್ಮನಹಳ್ಳಿ ಮೇನ್ ರೋಡಲ್ಲಿ ನಿಂತ್ಕೊಂಡು ಸುನಿಲ್ ಅಂತ ಕೂಗಿ ಸಾರ್, ಹತ್ತು ಜನ ತಿರುಗ್ತಾರೆ. ಹತ್ತೂ ಜನ ಒಂದೇ ಮನೆಯವರಾ?”

ಟೈಪಿಂಗ್ ಎಂಬ ಪರೀಕ್ಷೆ ಮಾಡಿದರೆ ಮೂರೂ ಒಂದೇ ತಳಿಯವೋ, ಬೇರೆ ಬೇರೆ ಕಡೆಯವೋ ತಿಳಿಯುತ್ತದಂತೆ. ಒಂದೇ ತಳಿಯಾದರೆ ವಾರ್ಡಿನೊಳಗೇ ಒಬ್ಬರಿಂದೊಬ್ಬರಿಗೆ ದಾಟಿರುವ ಸಂಭವವೇ ಹೆಚ್ಚು. ಮಾದರಿಗಳು ಅವರ ಫ್ರಿಜ್ಜಿನಲ್ಲಿವೆ, ಶನಿವಾರ ಎಸೆಯುತ್ತಾರೆ. ಬೇಕಿರುವುದು ತಮ್ಮದೊಂದು ಸಹಿ. ನಾಲ್ಕು ಸಲ ಬಂದೆ. ಮೀಟಿಂಗು, ಈಟಿಂಗು, ಸೈನಿಂಗು ಮಾತ್ರ ಪೆಂಡಿಂಗು.

ಶನಿವಾರದೊಳಗೆ ಸಹಿ ಹಾಕಿ. ಫಲಿತಾಂಶವನ್ನು ಆ ನೋಟಿಸಿನ ಮೇಲೆಯೇ ಅಂಟಿಸಿ.

ಇಷ್ಟನ್ನು ರಮಾಮಣಿಗೆ ಓದಿ ಹೇಳಿದೆ. ಅವಳು ಬಹಳ ದಿನದ ಮೇಲೆ ಬಾಯಿಬಿಟ್ಟಳು: “ನನ್ನ ಸಾರಿಗೋಸ್ಕರ ಇಷ್ಟೊಂದು ಓಡಾಡಿದ್ರಾ?”

ಸಾರಿಗೋಸ್ಕರ ಅಲ್ಲ ಮಾನ್ಯರೇ. ಅಣ್ಣನ ಒದ್ದೆ ಬ್ಯಾಂಡೇಜು ಸರಿಮಾಡಿದ ಕೈಯನ್ನು ತೊಳೆಯದೆ, “ಬಿಗಿ ಆಗ್ತಿದೆ, ಸ್ವಲ್ಪ ಸಡಿಲ ಮಾಡ್ರೀ” ಎಂದ ಸಂಜೀವಪ್ಪನವರ ಪಟ್ಟಿಯನ್ನೂ, ಆಮೇಲೆ ಸುನಿಲನದನ್ನೂ ಬಿಚ್ಚಿ ಕಟ್ಟಿದವನು ನಾನು. ನರ್ಸಿಗೆ ಹೇಳಲಿಲ್ಲ. ಒಂದೇ ತಳಿ ಎಂದು ಬಂದರೆ, ಮೊದಲು ವಿಚಾರಿಸಬೇಕಾದದ್ದು ಈ ಕೈಯನ್ನು. ಸಂಜೀವಪ್ಪನವರ ಕಾಲನ್ನು ನಾಳೆ ಮತ್ತೆ ಕೊಯ್ಯುತ್ತಾರೆ. ಅವರು ಇವತ್ತೂ ನನ್ನನ್ನು ಹತ್ತಿರ ಕರೆದು, ನಿಮ್ಮ ಕೈಗುಣ ಒಳ್ಳೆಯದು ಎಂದರು.

ಇಂತಿ,
ಬೇಸಿನ್ನಿನ ಪಕ್ಕದ ಸ್ಟೂಲಿನಲ್ಲೇ ಕೂತಿದ್ದವನು