ಗುಡ್ಡದಪುರದ ಸಂತೆಯಲ್ಲಿ ನಿಮ್ಮ ಹೆಸರು

ಜಯನ ಅಪ್ಪನಿಗೆ,

ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಕೈಬರಹ ಇದು, ನಗಬೇಡಿ. ನಿಮಗಂತೂ ಓದೋಕೇ ಬರುತ್ತಿರಲಿಲ್ಲ. ಅಲ್ಲಿಗೆ ಹೋದ ಮೇಲಾದರೂ ಕಲಿತಿದ್ದೀರೋ ಏನೋ. ಇಲ್ಲದಿದ್ದರೆ ಪಕ್ಕದಲ್ಲಿ ಯಾರಾದರೂ ಮೇಷ್ಟ್ರಿದ್ದರೆ ಓದಿಸಿಕೊಳ್ಳಿ. ನಮ್ಮೂರ ಹಳೇ ಮೇಷ್ಟ್ರುಗಳೆಲ್ಲ ಒಬ್ಬೊಬ್ಬರಾಗಿ ಅಲ್ಲಿಗೇ ಬಂದಿದ್ದಾರಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ಸಂಜೆ. ನೀವು ಹೋದಾಗಿನಿಂದ ನಾನು ಪಿರಿಯಾಪಟ್ಟಣದಲ್ಲಿ ಜಯನ ಮನೆಯಲ್ಲೇ ಇದ್ದೀನಿ. ಅವಳು ಸ್ಕೂಲಿಂದ ಬಂದು, ಹೆಗಲ ಚೀಲ ಇಳಿಸದೆ, ಬಾಗಿಲಲ್ಲಿ ನಿಂತೇ ಹೇಳಿದಳು. "ಅವ್ವಾ, ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಎಮ್ಮೆಲ್ಲೆ ಎಲೆಕ್ಷನ್ನಿಗೆ ನಿಲ್ತೀನಿ." ಅಳಿಯಂದಿರು ಗೋಡೆ ನೋಡಿದರು. ಅವರಿಗೆ ಮೊದಲೇ ಗೊತ್ತಿತ್ತು ಅಂತ ಆ ಗೋಡೆ ನೋಡಿದ ರೀತಿಯಲ್ಲೇ ಗೊತ್ತಾಯಿತು. ನಾನು ಬಿಡಲಿಲ್ಲ. "ಹೆಡ್‌ಮಿಸ್ ಆಗಿದ್ದವಳು ಬೀದೀಲಿ ಕೈಮುಗೀತಾ ನಿಂತ್ಕೊಂಡ್ರೆ ಆರತಿ ಎತ್ತಬೇಕೇನೇ? ಸರ್ಕಾರಿ ಕೆಲಸ ಏನು ಹಿತ್ತಲಲ್ಲಿ ಬಿಟ್ಟ ಬದನೆಕಾಯಾ?" ಅಂದೆ. ಅವಳು ಕೂಗಾಡಲಿಲ್ಲ. "ನಾಕು ಕ್ಲಾಸಿಗೆ ಒಬ್ಬಳು ಮಿಸ್ ಅವ್ವ. ಮೇಷ್ಟ್ರುಗಳ ಸಂಘದಿಂದ ಎಷ್ಟು ಸಲ ಆಫೀಸಿನ ಮುಂದೆ ಕೂತಿದ್ದೀವಿ? ಕೇಳಿ ಕೇಳಿ ಸಾಕಾಯ್ತು. ಕೊಡೋ ಜಾಗದಲ್ಲೇ ಹೋಗಿ ಕೂರ್ತೀನಿ" ಅಂದಳು. ನೀವು ಇದ್ದಿದ್ದರೆ ಏನು ಅನ್ನುತ್ತಿದ್ದಿರಿ? ಬೀಡಿ ಹಚ್ಚಿಕೊಂಡು ಸುಮ್ಮನೆ... ಅಷ್ಟೇ. ಬೈಯುವ ಕೆಲಸ ಯಾವತ್ತೂ ನನಗೇ ಬಿಟ್ಟಿದ್ದಿರಿ.

ಗುರುತು ಕೊಟ್ಟ ದಿನ ನೆನಪಾಗುತ್ತೆ. ಯಾವ ಪಾರ್ಟಿಯೂ ಇಲ್ಲದೆ ನಿಂತವಳಿಗೆ ಏಣಿ ಗುರುತು ಸಿಕ್ಕಿತು. ಸಂಘದ ಮೇಷ್ಟ್ರುಗಳು ಚೀಟಿ ನೋಡಿ ಖುಷಿಪಟ್ಟರು. ಪಟ್ಟಿಯಲ್ಲಿ ಕೆಳಗಿನ ಸಾಲು ಓದಿದಾಗ ಎಲ್ಲರ ಮುಖ ಸಪ್ಪಗಾಯಿತು. ಅಲ್ಲೂ ಜಯಮ್ಮ. ಅವಳ ಗುರುತು ಗಡಿಯಾರ. ಚುಂಚನಕಟ್ಟೆ ಕಡೆಯ ನಾಟಿ ಕೂಲಿಯವಳಂತೆ, ಯಾರೂ ನೋಡಿದವರಿಲ್ಲ. ಜಯನಿಗೆ ಬೀಳೋ ಓಟು ಒಡೆಯೋಕೆ ಅಂತ ಎದುರು ಪಾರ್ಟಿಯ ದೊಡ್ಡ ಕುಳಗಳು ಹುಡುಕಿ ತಂದ ಹೆಸರು ಅದು. ಈ ಸಲ ಸೀಲು ಗುದ್ದೋದೂ ಇಲ್ಲ, ಮಿಷನ್ನಿನಲ್ಲಿ ಗುಂಡಿ ಒತ್ತೋದು. ಒಂದರ ಕೆಳಗೊಂದು ಜಯಮ್ಮ. ಮುದುಕಿಯರ ಬೆರಳು ಎಲ್ಲಿಗೆ ಹೋಗುತ್ತೋ ಯಾರು ಕಂಡರು?

ಆಮೇಲೆ ಅವರ ಜೀಪು ನಮ್ಮ ಬೀದಿಗೇ ಬಂತು. ನಾನು ಅಕ್ಕಿ ಕೇರುತ್ತಿದ್ದೆ. ಮೈಕಿನಲ್ಲಿ ನಿಮ್ಮ ಹೆಸರು ಕೇಳಿಸಿತು. ಮೊರದಲ್ಲಿ ಅಕ್ಕಿ ಹಾಗೇ ನಿಂತಿತು. ನಿಮ್ಮ ಹೆಸರು ಕೂಗಿ, "ಬ್ಯಾರನ್ ಕಾಯ್ತಿದ್ದರಲ್ಲ, ಅವರ ಮಗಳು, ಟೀಚರಮ್ಮ ಜಯಮ್ಮ, ಅವರ ಗುರುತು ಗಡಿಯಾರ, ಗಡಿಯಾರ" ಅಂತ ಸಾರಿಕೊಂಡು ಹೋದರು. ಯಾವ ಊರಲ್ಲಿ ಯಾರ ಹೊಗೆಸೊಪ್ಪು ಹದ ಮಾಡೋಕೆ ನೀವು ಬ್ಯಾರನ್ ಗೂಡಿನ ಮುಂದೆ ಬೆಂಕಿ ಕಾಯ್ದುಕೊಂಡು ಕೂತಿರಲಿಲ್ಲ? ಆ ಹೆಸರಿಗೆ ಬಾಗಿಲು ತೆಗೆಯದ ಮನೆ ಈ ತಾಲ್ಲೂಕಿನಲ್ಲಿಲ್ಲ. ಅಳಿಯಂದಿರ ಹೆಸರು ಹೇಳೋಣ ಅಂದರೆ ಅವರು ಬಿಳಿಕೆರೆ ಕಡೆಯವರು, ಇತ್ತ ಗುರುತಿಲ್ಲ. ನಿಮ್ಮ ಹೆಸರೊಂದೇ ಇತ್ತು ನಮ್ಮ ಕೈಲಿ. ಅದನ್ನೇ ಎತ್ತಿಕೊಂಡು ಹೋದರು.

ಜಯ ಊರೂರು ತಿರುಗಿ, "ನಾನು ಕಣ್ರಪ್ಪಾ ನಿಜವಾದ ಮಗಳು" ಅಂತ ಹೇಳಿದಳು. "ಗಡಿಯಾರದೋರೂ ಹಂಗೇ ಅಂತವ್ರೆ ತಾಯಿ" ಅಂದರಂತೆ. ಆವತ್ತು ಅವಳು ಊಟಕ್ಕೆ ಕೂತು ತಟ್ಟೆಯಲ್ಲಿ ಮುದ್ದೆ ಮುರಿಯುತ್ತಾ ಇದ್ದಳೇ ಹೊರತು ಒಂದು ತುತ್ತು ಬಾಯಿಗಿಡಲಿಲ್ಲ. ಕೆಲಸ ಹೋಯಿತು, ಈಗ ಅಪ್ಪನೂ ಹೋದ ಅನ್ನೋ ಹಾಗಿತ್ತು ಮುಖ. ನಾನು ಬೈಯೋಕೆ ಬಾಯಿ ತೆರೆದೆ, ಮಾತು ಬೇರೆಯೇ ಬಂತು. "ನಾಳೆ ಸಂತೆಗೆ ನಾನೂ ಬತ್ತೀನಿ. ಹೆತ್ತವಳನ್ನ ಕೇಳಲಿ."

ಸಂತೆ ಅಂದರೆ ಗುಡ್ಡದಪುರದ್ದು. ಬಸ್ಸಿನ ಬೋರ್ಡಿನಲ್ಲಿ ಬೇರೆ ಹೆಸರಿದೆ, ಗೊತ್ತು. ಅದರ ಮೊದಲ ಎರಡಕ್ಷರ ನಿಮ್ಮ ಹೆಸರಿನಲ್ಲೂ ಇದೆಯಲ್ಲ, ಅದಕ್ಕೆ ಮದುವೆಯಾಗಿ ಬಂದಾಗಿನಿಂದ ನನಗೆ ಅದು ಗುಡ್ಡದಪುರವೇ. ಕಂಡಕ್ಟರು ಪ್ರತಿ ಸಲ, "ಅಂಥ ಸ್ಟಾಪೇ ಇಲ್ಲ ಕಣಜ್ಜಿ" ಅಂತ ರೇಗಿಸಿ ಟಿಕೀಟು ಹರಿಯುತ್ತಿದ್ದ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತೆ ಅಂತ ನಮ್ಮವ್ವ ಹೇಳಿಕೊಟ್ಟಿದ್ದು. ನೀವು ಹೋದ ಮೇಲೆ ಇನ್ಯಾವ ಆಯಸ್ಸು? ಆದರೂ ನಾಲಿಗೆ ಆ ಕಡೆ ಹೊರಳುತ್ತಿರಲಿಲ್ಲ.

ಸಂತೆಯಲ್ಲಿ ಮೆಣಸಿನಕಾಯಿ ಸಾಲಿನ ಪಕ್ಕ ಒಂದು ಬೆಂಚು ಹಾಕಿ ನನ್ನನ್ನ ಹತ್ತಿಸಿದರು. ಕೈಗೆ ಮೈಕು ಕೊಟ್ಟರು. ಅದು ಕುಂಯ್ ಅಂತು. "ಇವಳು ನಾನು ಹೆತ್ತ ಮಗಳು, ಏಣಿ ಗುರುತು" ಅಂದೆ. ಗಡಿಯಾರದ ಕಡೆಯವನೊಬ್ಬ, ಇಸ್ತ್ರಿ ಶರ್ಟಿನವನು, ಮುಂದೆ ಬಂದ.

"ಹೆತ್ತಿದ್ದು ಸರಿ ಕಣವ್ವ. ಯಾರ ಮಗಳು? ಅದ ಹೇಳು."

"ಬ್ಯಾರನ್ ಕಾಯ್ತಿದ್ದೋರ ಮಗಳು."

"ಬ್ಯಾರನ್ ಕಾಯೋರು ಊರಿಗೆ ನಾಕು ಜನವ್ರೆ. ಹೆಸರೇನು?"

"ಇವರಪ್ಪ."

"ಎಲ್ಲಾರ್ಗೂ ಅಪ್ಪ ಇರ್ತಾನೆ ಬುಡು. ಹೆಸರು ಬಾಯಲ್ಲಿ ಬತ್ತಾ ಇಲ್ಲ ನೋಡ್ರಪ್ಪಾ. ಯಾವ ಅಜ್ಜೀನ ಎಲ್ಲಿಂದ ಕರ್ಕೊಂಡು ಬಂದವ್ರೋ."

ನಾನು ಹೇಳೋದಿಲ್ಲ ಅಂತ ಅವನಿಗೆ ಗೊತ್ತು. ಅವನ ಅವ್ವನೂ ಹೇಳುವವಳಲ್ಲ. ಗೊತ್ತಿದ್ದೇ ಕೇಳಿದ. ಜಯ ಕೆಳಗಿಂದ, "ಬೇಡ ಬುಡವ್ವ, ಇಳಿ" ಅಂದಳು. ಜನ ಆಗಲೇ ಬೆನ್ನು ತಿರುಗಿಸುತ್ತಿದ್ದರು. ಬೆಂಚು ಅಲ್ಲಾಡುತ್ತಿತ್ತೋ ನನ್ನ ಕಾಲೋ... ನೀವು ಆ ಜನರ ಹಿಂದೆ ಎಲ್ಲೋ ಪಂಚೆ ಎತ್ತಿಕಟ್ಟಿಕೊಂಡು ನಿಂತಿದ್ದೀರಿ, ಏನು ಮಾಡ್ತಾಳೆ ನೋಡೋಣ ಅಂತ, ಹಂಗನ್ನಿಸಿತು.

"ಬೆಟ್ಟಯ್ಯ" ಅಂದೆ. "ಬೆಟ್ಟಯ್ಯನ ಮಗಳು. ಬೆಟ್ಟಯ್ಯನ ಹೆಂಡ್ತಿ ನಾನು. ಇನ್ನೊಂದು ಸಲ ಬೇಕೇನ್ಲಾ?"

ತೂಗುತ್ತಿದ್ದವನು ತಕ್ಕಡಿ ಹಿಡಿದೇ ನಿಂತ. ಸೊಪ್ಪು ಮಾರುವ ಒಬ್ಬ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ಪಕ್ಕದವಳಿಗೆ ಹೇಳಿದಳು. "ಗಂಡನ ಹೆಸ್ರ ಸಂತೇಲಿ ಕೂಗುದ್ಲು ಕಣೆ. ದುಡ್ಡು ಈಸ್ಕೊಂಡು ಬಂದೋಳು ಇಂಗೆ ನಡುಗ್ತಾಳಾ? ಇವ್ಳೇ ಹೆತ್ತವ್ವ." ಆ ಮಾತು ನನಗಿಂತ ಮೊದಲೇ ಬಸ್ಸು ಹತ್ತಿ ಹೋಯಿತು. ಮಾರನೇ ದಿನದಿಂದ ಜಯ ಹೋದ ಕಡೆಯೆಲ್ಲ, "ಗಂಡನ ಹೆಸ್ರು ಹೇಳಿದ ಅಜ್ಜಿ ಮಗಳಾ? ಏಣಿ ತಾನೆ?" ಅಂತಲೇ ಕೇಳಿದರಂತೆ. ನಾನು ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ತಪ್ಪು ಮಾಡಿದೆ ಅಂತಲ್ಲ. ಯಾಕೋ ಹಾಕಿಕೊಳ್ಳಬೇಕು ಅನ್ನಿಸಿತು.

ಮೈಸೂರಿನಲ್ಲಿ ಎಣಿಕೆ. ಜಯನೂ ಅಳಿಯಂದಿರೂ ಬೆಳಕು ಹರಿಯುವ ಮುಂಚೆ ಹೋದರು. ನಾನು ರೇಡಿಯೋ ಮುಂದೆ ಕೂತು, ಎದ್ದು, ಮತ್ತೆ ಕೂತು, ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಸಂತೆ ಸುತ್ತಲಿನ ಊರುಗಳಲ್ಲಿ ಏಣಿಯೇ ಮುಂದೆ. ಕಾಡಿನ ಅಂಚಿನ ಊರುಗಳಿಗೆ ನಮ್ಮ ಮಾತು ಹೋಗಿರಲಿಲ್ಲ, ಅಲ್ಲಿ ಗಡಿಯಾರ ನುಂಗಿತ್ತು. ಜಯ ಸೋತಳು, ಆ ದೊಡ್ಡ ಕುಳಗಳ ಕಡೆಯವನೇ ಗೆದ್ದ. ಗಡಿಯಾರಕ್ಕೆ ಬಿದ್ದಿದ್ದರಲ್ಲಿ ಅರ್ಧ ಬಂದಿದ್ದರೂ ಗೆಲ್ಲುತ್ತಿದ್ದಳು ಅಂತ ಸಂಘದ ಮೇಷ್ಟ್ರೊಬ್ಬರು ನನ್ನ ಮುಂದೆ ಅತ್ತೇಬಿಟ್ಟರು. ಜಯ ಅಳಲಿಲ್ಲ. ಸಾರು ಉಪ್ಪು ಅಂತಲೂ ಹೇಳದೆ ಉಂಡಳು. ಅದೇ ನನಗೆ ಭಯವಾಗಿದ್ದು.

ಮುಂಗಾರು ಹಿಡಿದ ಮೇಲೆ ಒಂದು ಬೆಳಗ್ಗೆ ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ಕಾಲಿಗೆ ಗದ್ದೆ ಕೆಸರು ಒಣಗಿತ್ತು, ಪಕ್ಕದಲ್ಲಿ ಎರಡು ಜಡೆಯ ಮಗಳು. ಯಾರಮ್ಮ ಅಂದರೆ, "ಜಯಮ್ಮ" ಅಂದಳು. ನನ್ನ ಕೈ ಪೊರಕೆಗೆ ಹೋಯಿತು. ಅವಳು ಒಳಗೆ ಬರಲೇ ಇಲ್ಲ. "ಅಕ್ಕಾ, ನಿಮ್ಮ ಓಟು ನನಗೆ ಬಿದ್ದವಂತೆ. ವಾಪಸ್ ಕೊಡೋದು ಎಂಗೆ ಅಂತ ಗೊತ್ತಿಲ್ಲ" ಅಂದಳು. ಮಗಳಿಗೆ ಹಾಸ್ಟೆಲ್ ಸೀಟು ಕೊಡಿಸ್ತೀವಿ ಅಂತ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಂತೆ. ಗೆದ್ದ ಮೇಲೆ ಗೇಟಿನ ಒಳಗೂ ಬಿಡಲಿಲ್ಲವಂತೆ. ನಾನು ಸರಿಯಾಗಿ ಅಂದೆ. "ಮೋಸಕ್ಕೆ ಹೆಬ್ಬೆಟ್ಟು ಕೊಡೋವಾಗ ಈ ಅಕ್ಕ ನೆನಪಾಗಲಿಲ್ಲವಾ?" ಅವಳು ತಲೆ ತಗ್ಗಿಸಿ ಅನ್ನಿಸಿಕೊಂಡಳು. ಜಯ ಒಳಗಿಂದ ಬಂದವಳು ಹುಡುಗಿಯನ್ನ ನೋಡಿದಳು. ಏನು ಓದ್ತಾ ಇದ್ದೀಯ ಅಂದಳು. ಆಮೇಲೆ ಹೆಗಲಿಗೆ ಆ ಹಳೇ ಚೀಲ ಹಾಕಿದಳು. "ನಡಿ, ಕೇಳೋಣ."

ಹಾಸ್ಟೆಲ್ ಸೀಟು ಕೊಡೋ ಕೆ.ಆರ್. ನಗರದ ಆಫೀಸಿನ ಮುಂದೆ ಇಬ್ಬರೂ ಮೂರು ದಿನ ಕೂತರು. ಸಂಘದವರೂ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರಂತೆ. ಸಾಹೇಬ ಕಡೆಗೆ ಹೊರಗೆ ಬಂದು, "ಇಲ್ಲಿ ಜಯಮ್ಮ ಯಾರು?" ಅಂದಾಗ ಇಬ್ಬರೂ ಎದ್ದರಂತೆ.

ಆ ಹುಡುಗಿ ಮೊನ್ನೆ ಟ್ರಂಕು ಹೊತ್ತುಕೊಂಡು ಹಾಸ್ಟೆಲ್ಲಿಗೆ ಹೋದಳು. ಗೆದ್ದವರು ಕೊಟ್ಟ ಮಾತನ್ನ ನಿಮ್ಮ ಸೋತ ಮಗಳು ನಡೆಸಿಕೊಟ್ಟಳು. ಆವತ್ತು ರಾತ್ರಿ ಊಟಕ್ಕೆ ಕೂತವಳು, ಸಾರು ಸಪ್ಪೆ ಅಂತ ನನ್ನ ಮೇಲೆ ರೇಗಿದಳು.

ಜಯನ ಅವ್ವ