ದೊಡ್ಡ ಚರಂಡಿಯ ಗೇಟು

ಜೂನ್ 3, ಮಂಗಳವಾರ

ಮತ್ತೆ ಗೇಟಿನ ಹತ್ತಿರ ಹೋಗಿಬಂದೆ. ಎಂಟು ದಿನದಲ್ಲಿ ಮೂರನೇ ಸಲ. ಗೇಟು ಇಳಿಸೋ ಚಕ್ರ ಅಲ್ಲಾಡಲ್ಲ. ಕಾವಲು ಕಾಯೋ ಗೇಟಣ್ಣ ಜೋತುಬಿದ್ದ, ನಾನೂ ಜೋತುಬಿದ್ದೆ. ಕೈಗೆ ತುಕ್ಕು ಹತ್ತಿತು, ಅಷ್ಟೇ. ಹೊಳೆ ಏರಿದಾಗ ಈ ಕಬ್ಬಿಣದ ಹಲಗೆ ಇಳಿಸಿ ದೊಡ್ಡ ಚರಂಡಿಯ ಬಾಯಿ ಮುಚ್ಚಬೇಕು. ಇಲ್ಲದಿದ್ದರೆ ಚರಂಡಿ ಹೊಳೆಗೆ ಹೋಗೋದರ ಬದಲು ಹೊಳೆಯೇ ಚರಂಡಿಯೊಳಗಿಂದ ತಗ್ಗಿನ ಬೀದಿಗೆ ಬರುತ್ತೆ. ಇದು ಅರ್ಥ ಆಗೋಕೆ ನನ್ನ ಹಾಗೆ ಇಂಜಿನಿಯರಿಂಗ್ ಓದಬೇಕಿಲ್ಲ.

ಗೇಟು ರಿಪೇರಿ ಮಾಡಿಸಿ ಅಂತ ನಾಲ್ಕನೇ ಪತ್ರ ಬರೆದೆ. ಉತ್ತರ ಬಾಯಿಪಾಠ ಆಗಿದೆ. ನದಿ ಇಲಾಖೆ — ತಡೆಗೋಡೆ ನಮ್ಮದು, ಗೇಟು ಚರಂಡಿಗೆ ಸೇರಿದ್ದು. ನಮ್ಮ ನಗರಸಭೆ — ಚರಂಡಿ ನಮ್ಮದು, ಗೇಟು ಗೋಡೆಗೆ ಸೇರಿದ್ದು. ಕೂಸು ಬಾಯಿ ಬಿಟ್ಕೊಂಡು ನಿಂತಿದೆ, ಅಪ್ಪ ಯಾರು ಅಂತ ಇವರ ವಾದ.

ಜೂನ್ 10

ಪ್ರವಾಹ ಸಿದ್ಧತಾ ಸಭೆ. ಎರಡು ಗಂಟೆ. ಅದರಲ್ಲಿ ಒಂದು ಗಂಟೆ, ಬ್ಯಾನರಿನಲ್ಲಿ ಯಾರ ಫೋಟೋ ಮೇಲೆ, ಯಾರದು ಕೆಳಗೆ ಅಂತ. ಗೇಟಿನ ಮಾತೆತ್ತಿದೆ. ನಮ್ಮ ಸಾಹೇಬರು ಕನ್ನಡಕ ಒರೆಸುತ್ತಾ, "ನೋಡಮ್ಮಾ, ಇದು ಸಿದ್ಧತೆ ಸಭೆ. ನೀನಿಲ್ಲಿ ದೂರು ಶುರು ಮಾಡ್ಬೇಡ" ಅಂದರು.

ನಡಾವಳಿಯಲ್ಲಿ ಬರೆದದ್ದು: "ಎಲ್ಲ ಗೇಟುಗಳೂ ಸುಸ್ಥಿತಿಯಲ್ಲಿವೆ." ಊರಿಗಿರೋದೇ ಒಂದು ಗೇಟು!

ಜೂನ್ 17

ಅಣಕು ಕಾರ್ಯಾಚರಣೆ. ಎಲ್ಲಿ? ಈಜುಕೊಳದಲ್ಲಿ. ರಬ್ಬರ್ ದೋಣಿ ಮೇಲೆ ವಾರ್ಡಿನ ಮೆಂಬರ್, ಲೈಫ್ ಜಾಕೆಟ್ ಹಿಂದುಮುಂದಾಗಿ. ಮಕ್ಕಳು ಆಡೋ ಕಡೆ ದೋಣಿ ತಳ ಕಚ್ಚಿ ನಿಂತಿತು. ಆದರೂ ಚಪ್ಪಾಳೆ.

ಸಂಜೆ ತಗ್ಗಿನ ಬೀದಿಗೆ, ಅಕ್ಕನ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು, ಸುತ್ತ ಊರವರ ಬಟ್ಟೆ.

"ಆ ಗೇಟಿನ ವಿಷಯ ನಿಮ್ಮ ಆಫೀಸಲ್ಲಿ ಯಾರಿಗಾದ್ರೂ ಹೇಳಬಾರ್ದೇನೇ?"

"ಹೇಳಬೇಕಾದವಳೇ ನಾನು, ಅಕ್ಕಾ."

"ಹಂಗಾದ್ರೆ ದೇವರೇ ಗತಿ." ನಕ್ಕಳು. ನನಗೆ ನಗು ಬರಲಿಲ್ಲ.

ಜುಲೈ 8, ಬೆಳಿಗ್ಗೆ 6

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ. ಮಧ್ಯಾಹ್ನಕ್ಕೆ ಇಲ್ಲಿ. ನದಿ ಇಲಾಖೆಗೆ ಫೋನ್ ಮಾಡಿದರೆ, "ಲಿಖಿತವಾಗಿ ಕೊಡಿ." ಸಾಹೇಬರು — "ಜನರನ್ನ ತೆರವು ಮಾಡೋಕೆ ಮೇಲಿಂದ ಆದೇಶ ಬರಬೇಕು, ಕಾಯಮ್ಮಾ."

ಮೇಲಿಂದ ಬರ್ತಿರೋದು ನೀರು.

ಕಾಯಲ್ಲ. ಕಸದ ಗಾಡಿಗೆ ಮೈಕ್ ಇದೆ...

ಜುಲೈ 10

ಇವತ್ತು ಕೂತು ಬರೆಯೋ ಹಾಗಾಯ್ತು.

ಮೊನ್ನೆ ಕಸದ ಗಾಡಿ ಹತ್ತಿ ಕೂಗಿದೆ. ಜನ ಬಕೆಟ್ಟು ಹಿಡ್ಕೊಂಡು ಹೊರಗೆ ಬಂದರು! "ಇವತ್ತು ಒಣ ಕಸಾನಾ, ಹಸಿ ಕಸಾನಾ?" ಅಂತ ಒಬ್ಬಾಕೆ. "ಕಸ ಅಲ್ಲ ತಾಯಿ, ಮನೆ ಬಿಟ್ಟು ಹೊರಡಿ!" ದಿಣ್ಣೆ ಮೇಲಿನ ಶಾಲೆಗೆ ಬೀಗ. ಕಲ್ಲಿನಲ್ಲಿ ಒಡೆದೆ. ಹನ್ನೆರಡಕ್ಕೆ ಬೀದಿಯ ಮ್ಯಾನ್‌ಹೋಲ್ ಮುಚ್ಚಳಗಳು ಅನ್ನದ ಪಾತ್ರೆ ಮುಚ್ಚಳದ ಹಾಗೆ ಕುಣಿಯೋಕೆ ಶುರು.

ಅಕ್ಕ ಹೊರಡಲೊಲ್ಲಳು. "ಜನರ ಬಟ್ಟೆ ಕಣೇ ಇದು. ನಾಳೆ ಅವರಿಗೆ ಹೇಗೆ ಮುಖ ತೋರಿಸ್ಲಿ?" ಹುಟ್ಟಿದ ಮೇಲೆ ಮೊದಲ ಸಲ ಅವಳಿಗೆ ಗದರಿದೆ. ಕೈ ಹಿಡಿದು ಎಳೆದೆ. ನೀರು ಸೊಂಟಕ್ಕೆ ಬಂದಿತ್ತು.

ಗೇಟಣ್ಣ ಕೊನೇವರೆಗೂ ಚಕ್ರಕ್ಕೆ ಹಾರೆ ಹಾಕಿ ಮೀಟುತ್ತಿದ್ದನಂತೆ. ಹಾರೆ ಜಾರಿತು. ಬಲಗೈಯ ಎರಡು ಬೆರಳು ಹೋದವು.

ಬೀದಿ ಕೊನೆಯ ಮನೆ. ರಿಟೈರ್ ಆದ ಪೋಸ್ಟ್‌ಮ್ಯಾನ್. "ಹೋದ ಸಲ ಮೊಣಕಾಲಿಗೆ ಬಂದಿತ್ತಮ್ಮ, ಅಷ್ಟೇ" ಅಂದು ಬಾಗಿಲು ಹಾಕ್ಕೊಂಡರು. ಎರಡನೇ ಸಲ ತಟ್ಟಲಿಲ್ಲ ನಾನು. ಇನ್ನೂ ಎಷ್ಟೊಂದು ಬಾಗಿಲು ಇದ್ದವು.

ನಿನ್ನೆ ಸಿಕ್ಕರು. ಮಂಚದ ಕೆಳಗೆ.

ಎರಡನೇ ಸಲ ತಟ್ಟಬೇಕಿತ್ತು.

ಜುಲೈ 15

ಎರಡು ಕಾಗದ. ಒಂದು, ಅನುಮತಿಯಿಲ್ಲದೆ ಶಾಲೆಯ ಬೀಗ ಒಡೆದದ್ದಕ್ಕೆ ನನಗೆ ನೋಟಿಸು. ಇನ್ನೊಂದು ನಾನು ಸಹಿ ಹಾಕಬೇಕಾದ ವರದಿ: "ಗೇಟು ಸುಸ್ಥಿತಿಯಲ್ಲಿತ್ತು. ಕಾವಲುಗಾರನು ಸಕಾಲದಲ್ಲಿ ಮುಚ್ಚದೆ ಕರ್ತವ್ಯಲೋಪ ಎಸಗಿರುತ್ತಾನೆ."

ಸಾಹೇಬರ ದನಿ ಬೆಣ್ಣೆ. "ಸಹಿ ಹಾಕಮ್ಮಾ. ನಿನ್ನ ನೋಟಿಸ್ ನಾನು ನೋಡ್ಕೋತೀನಿ."

ಆಸ್ಪತ್ರೆಗೆ ಹೋದೆ. ಗೇಟಣ್ಣನಿಗೆ ಆಗಲೇ ಗೊತ್ತಿತ್ತು. "ಹಾಕಿಬಿಡಿ ಮೇಡಂ. ಬೆರಳೇ ಹೋದವನಿಗೆ ಹೆಸರು ಹೋದ್ರೇನು?"

ಮೈಯೆಲ್ಲ ಉರೀತು. ಅವನ ಮೇಲೂ ಸಿಟ್ಟು ಬಂತು. ಸಹಿ ಹಾಕದೆ, ಪ್ರವಾಹದ ತನಿಖೆಗೆ ಬಂದಿದ್ದ ವಿಚಾರಣಾಧಿಕಾರಿ ಹತ್ತಿರ ಸೀದಾ ಹೋಗಿ ನಾಲ್ಕು ಪತ್ರಗಳ ಪ್ರತಿ ಕೊಟ್ಟೆ. ತಲುಪಿದೆ ಅಂತ ಸೀಲು ಹಾಕಿಸ್ಕೊಂಡೇ ಬಂದೆ.

ಆಗಸ್ಟ್ 2

ಗೇಟಣ್ಣ ಬಚಾವ್. ನನಗೆ ಜನನ-ಮರಣ ವಿಭಾಗಕ್ಕೆ ವರ್ಗ. ಮೊದಲ ದಿನವೇ ಮೇಜಿನ ಮೇಲೆ ಪೋಸ್ಟ್‌ಮ್ಯಾನ್ ಅವರ ಕಾಗದ. ಕಾರಣ: ಆಕಸ್ಮಿಕ.

ಸೀಲು ಹಾಕಬೇಕಾದವಳು ನಾನು.

ಆಗಸ್ಟ್ 11

ಸರ್ಕಾರ ಪ್ರವಾಹ ಪರಿಹಾರ ಅಂತ ದುಡ್ಡು ಘೋಷಿಸಿತು, ಗೇಟು ಯಾರದೋ ಅವರಿಗೆ ಅದರ ದುರಸ್ತಿಗೇ ಬೇರೆ ದುಡ್ಡು. ಇವತ್ತು ಹೋಗಿ ನೋಡಿದರೆ ಎರಡು ಹೊಸ ಬೋರ್ಡು. ಹಸಿರು: "ಈ ಗೇಟು ನದಿ ಇಲಾಖೆಗೆ ಸೇರಿದ್ದು." ನೀಲಿ: "ಈ ಗೇಟು ನಗರಸಭೆಯ ಸ್ವತ್ತು." ಕೂಸಿಗೆ ಈಗ ಇಬ್ಬರು ಅಪ್ಪಂದಿರು! ತೀರ್ಮಾನ ಆಗೋವರೆಗೆ ಯಾರೂ ಮುಟ್ಟಬಾರದಂತೆ.

ಗೇಟು ಹಾಗೇ ಇದೆ. ಬಾಯಿ ಬಿಟ್ಕೊಂಡು. ಅಣೆಕಟ್ಟು ಮತ್ತೆ ಮುಕ್ಕಾಲು ತುಂಬಿದೆ.

ಆಗಸ್ಟ್ 17, ಭಾನುವಾರ, ಸಂಜೆ 4

ತಡೆಗೋಡೆ ಮೇಲೆ ಕೂತು ಗೀಚ್ತಿದೀನಿ. ತಗ್ಗಿನ ಬೀದಿ ಇಡೀ ಇಲ್ಲಿದೆ. ಶುಕ್ರವಾರದಿಂದ ಚಕ್ರದ ಬುಡಕ್ಕೆ ಡೀಸೆಲ್ ಸುರೀತಿದಾರೆ. ಚಕ್ರಕ್ಕೆ ಸಿಕ್ಕಿಸಿ ಮೀಟೋಕೆ ಲೇತ್ ಅಂಗಡಿಯವನು ಹನ್ನೆರಡು ಅಡಿ ಪೈಪು ತಂದ. ಗೇಟಣ್ಣ ಬ್ಯಾಂಡೇಜು ಕೈ ಎತ್ತಿ ಹುಕುಂ ಕೊಡ್ತಿದಾನೆ — "ಎಳೀಬೇಡಿ, ಒತ್ತಿ! ಒತ್ತಿ!"

ಮೂರೂವರೆಗೆ ಒಂದು ಶಬ್ದ. ಹಲ್ಲು ಕಿತ್ತ ಹಾಗೆ. ಕಾಲು ಸುತ್ತು ತಿರುಗಿತು. ಯಾರೂ ಕೂಗಲಿಲ್ಲ... ಕೂಗಿದರೆ ನಿಂತುಬಿಡುತ್ತೇನೋ ಅಂತ.

ಪೊಲೀಸ್ ಜೀಪು ಬಂತು. "ಸರ್ಕಾರಿ ಸ್ವತ್ತು ಇದು. ಯಾರ ಪರ್ಮಿಷನ್ ತಗೊಂಡ್ರಿ?"

ಅಕ್ಕ ಸೆರಗು ಸಿಕ್ಕಿಸಿ ಮುಂದೆ ಹೋದಳು. "ಯಾರದು ಅಂತ ನೀವೇ ಹೇಳಿ ಸಾರ್. ಅವರ ಹತ್ರಾನೇ ಕೇಳ್ತೀವಿ."

ಅವರು ಹಸಿರು ಬೋರ್ಡು ಓದಿದರು. ನೀಲಿ ಬೋರ್ಡು ಓದಿದರು. ಈಗ ಫೋನ್ ಮಾಡ್ತಿದಾರೆ. ಇದು ಮೂರನೇ ಫೋನು. ಇನ್ನೂ ಯಾರೂ "ಹೌದು, ನಮ್ಮದು" ಅಂದ ಹಾಗಿಲ್ಲ.

ಹಲಗೆ ಒಂದು ಗೇಣು ಇಳಿದಿದೆ. ಪೈಪಿಗೆ ಇನ್ನೊಂದು ಜೊತೆ ಕೈ ಬೇಕಂತೆ. ಅಕ್ಕ ಕರೀತಿದಾಳೆ. ಸರ್ಕಾರಿ ನೌಕರಳು ನಾನು, ಈ ಪೈಪಿಗೆ ಕೈ ಹಾಕಿದರೆ ನಾಳೆ ಇನ್ನೊಂದು ನೋಟಿಸು. ಬರಲಿ. ಪುಸ್ತಕ ಮುಚ್ತಿದೀನಿ.